ಹಾಲು ಹಾಕದ ಡೈರೆಕ್ಟರ್‌ಗಳು, ಒಂಬತ್ತು ಎಕ್ಸ್‌ಟ್ರಾ ಷೇರು

ಮೇ ತಿಂಗಳು ಬಂತು ಅಂದ್ರೆ ನಮ್ಮ ಟೀಮಿಗೆ ಸುಗ್ಗಿ. ಡಿಸೆಂಬರ್‌ಗೆ ಲೆಕ್ಕದ ವರ್ಷ ಮುಗಿಸೋ ಅಮೆರಿಕದ ಕಂಪನಿಗಳು ಬಹುಪಾಲು ಏಪ್ರಿಲ್, ಮೇ, ಜೂನ್‌ನಲ್ಲೇ ವಾರ್ಷಿಕ ಸಭೆ ಇಟ್ಕೊಳ್ತವೆ, ಆ ಸಭೆಯಲ್ಲಿ ಡೈರೆಕ್ಟರ್‌ಗಳು ಇನ್ನೊಂದು ವರ್ಷಕ್ಕೆ ಆಯ್ಕೆ ಆಗ್ತಾರೆ, ಆಯ್ಕೆ ಆದ ದಿನವೇ ಅವರ ಹೆಸರಿಗೆ ಷೇರು ಬೀಳುತ್ತೆ. ಆ ಷೇರನ್ನ ಸಿಸ್ಟಮ್‌ಗೆ ಏರಿಸೋ ಕೆಲಸ ನಂದು. ಔಟರ್ ರಿಂಗ್ ರೋಡ್‌ನ ಒಂದು ಬಿಲ್ಡಿಂಗಿನ ಆರನೇ ಮಹಡಿಯಲ್ಲಿ ಕೂತು, ರಾತ್ರಿ ಒಂದೂವರೆಗೆ.

ಒಂದೂವರೆ ಯಾಕೆ ಅಂದ್ರೆ ನ್ಯೂಯಾರ್ಕಲ್ಲಿ ಮಾರ್ಕೆಟ್ ಮುಚ್ಚೋದು ಸಂಜೆ ನಾಲ್ಕಕ್ಕೆ, ಅವರ ಬೇಸಿಗೆ ಟೈಮ್ ಪ್ರಕಾರ ಅದು ನಮ್ಮ ರಾತ್ರಿ 1.30. ಅವತ್ತಿನ ಕ್ಲೋಸಿಂಗ್ ರೇಟ್ ಬರೋವರೆಗೂ ಎಷ್ಟು ಷೇರು ಅಂತ ಲೆಕ್ಕ ಹಾಕೋಕೆ ಆಗಲ್ಲ, ಯಾಕಂದ್ರೆ ಬೋರ್ಡ್ ತೀರ್ಮಾನ ಮಾಡಿರೋದು ಡಾಲರ್ ಲೆಕ್ಕದಲ್ಲಿ, "ಪ್ರತಿ ಡೈರೆಕ್ಟರ್‌ಗೆ ಎರಡು ಲಕ್ಷ ಡಾಲರ್ ಮೌಲ್ಯದ ಷೇರು" ಅಂತ. ಅದನ್ನ ರೇಟ್‌ನಿಂದ ಭಾಗಿಸಿ ಷೇರಿನ ಸಂಖ್ಯೆ ತೆಗಿಬೇಕು. ಆಮೇಲೆ ಎರಡು ಬಿಸಿನೆಸ್ ದಿನದೊಳಗೆ, ಅಲ್ಲಿಯ ರಾತ್ರಿ ಹತ್ತು ಗಂಟೆಗೆ ಮುಂಚೆ, ಒಬ್ಬೊಬ್ಬ ಡೈರೆಕ್ಟರ್‌ಗೂ ಒಂದೊಂದು ಫಾರ್ಮ್ 4, ಅಂದ್ರೆ ಅವರ ಹೆಸರಿಗೆ ಎಷ್ಟು ಷೇರು ಬಂತು ಅನ್ನೋ ವರದಿ, ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಹೋಗ್ಬೇಕು. 2002ರ ಸರ್ಬೇನ್ಸ್-ಆಕ್ಸ್‌ಲಿ ಕಾನೂನಿಗೆ ಮುಂಚೆ ಇಷ್ಟು ಅವಸರ ಇರ್ಲಿಲ್ಲ, ಮುಂದಿನ ತಿಂಗಳು ನಿಧಾನವಾಗಿ ಕಳಿಸ್ತಿದ್ರು. ಹೊಸ ಡೈರೆಕ್ಟರ್ ಯಾರಾದ್ರೂ ಬಂದಿದ್ರೆ ಅವರಿಗೆ ಎಸ್‌ಇಸಿ ಸಿಸ್ಟಮ್ಮಿನ ಕೋಡ್ ಇರಲ್ಲ, ಕೋಡಿಗೆ ಅರ್ಜಿ ಹಾಕೋಕೆ ನೋಟರಿ ಸಹಿ ಬೇಕು, ಆ ಮನುಷ್ಯ ಅಷ್ಟೊತ್ತಿಗೆ ಯಾವ್ದೋ ಏರ್‌ಪೋರ್ಟಲ್ಲಿ ಇರ್ತಾನೆ. ಆ ಕಥೆ ಬೇಡ ಬಿಡಿ.

ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದ್ರು, ಅದು ತಲೆಯಿಂದ ಹೋಗ್ತಾನೇ ಇಲ್ಲ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ, "ಅದೇನ್ಲಾ ಮಗ ರಾತ್ರಿ ಹೊತ್ತು ಕೆಲಸ, ಫೋನ್ ಎತ್ತೋದಾ?" ಅಂದ್ರು. ಕಾಲ್ ಸೆಂಟರ್ ಅಲ್ಲ ದೊಡ್ಡಪ್ಪ, ಅಮೆರಿಕದ ಕಂಪನಿ ಡೈರೆಕ್ಟರ್‌ಗಳಿಗೆ ಕೊಡೋ ಷೇರಿನ ಲೆಕ್ಕ ಬರೀತೀನಿ ಅಂದೆ. "ಡೈರೆಕ್ಟ್ರಾ? ನಾನೂ ಡೈರೆಕ್ಟ್ರೇ ಕಣ್ಲಾ!" ಅಂತ ನಕ್ಕರು. ಸುಳ್ಳೇನಲ್ಲ, ಊರಿನ ಹಾಲಿನ ಡೇರಿಗೆ ಅವರು ಎರಡು ಸಲ ಡೈರೆಕ್ಟರ್ ಆಗಿದಾರೆ.

ಆಮೇಲೆ ಪೂರ್ತಿ ವಿಚಾರಣೆ ಶುರು. ವರ್ಷಕ್ಕೆ ಏನ್ ಕೊಡ್ತಾರೆ ಅವ್ರಿಗೆ? ನಾನು ನೋಡ್ಕೊಳ್ಳೋ ಕಂಪನಿಯಲ್ಲಿ ನಗದು ಒಂದು ಲಕ್ಷ ಡಾಲರ್, ಷೇರು ಎರಡು ಲಕ್ಷ ಡಾಲರ್, ಅಂದೆ. ಮೀಟಿಂಗ್ ಎಷ್ಟು? ಬೋರ್ಡ್ ಮೀಟಿಂಗ್ ಐದಾರು, ಕಮಿಟಿದು ಬೇರೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಣ್ಣದ ಡಬ್ಬಿ ಮುಚ್ಚಳ ತಿರುಗಿಸ್ತಾ ಕೂತಿದ್ದು, "ನಮಗೆ ಟೀ ಬಿಸ್ಕತ್ತು" ಅಂದ್ರು. ಆಮೇಲೆ ಕೇಳಿದ್ದು ಇದು: "ಅವ್ರು ಹಾಲು ಹಾಕ್ತಾರಾ?"

ಮೊದಲು ನಗು ಬಂತು, ಆಮೇಲೆ ಬಸ್ಸಲ್ಲಿ ವಾಪಸ್ ಬರ್ತಾ ಯೋಚನೆ ಮಾಡಿದ್ರೆ, ಇಡೀ ವಿಷಯ ಆ ಮೂರು ಪದದಲ್ಲಿ ಇದೆಯಲ್ಲ ಅನ್ನಿಸ್ತು. ಡೇರಿಯಲ್ಲಿ ಡೈರೆಕ್ಟರ್ ಆಗೋನು ಮೊದಲು ಸದಸ್ಯ ಆಗಿರ್ಬೇಕು, ಡೇರಿಗೆ ಹಾಲು ಹಾಕ್ತಿರ್ಬೇಕು. ಫ್ಯಾಟ್ ನೋಡೋ ಮೆಷಿನ್ ಕೈ ಕೊಟ್ರೆ ಅವನ ಹಾಲಿಗೂ ಕಮ್ಮಿ ಫ್ಯಾಟೇ ಬೀಳುತ್ತೆ, ಬಟವಾಡೆ ಲೇಟ್ ಆದ್ರೆ ಅವನ ಪಾಸ್‌ಬುಕ್ಕೂ ಖಾಲಿ. ಸೆಕ್ರೆಟರಿ ಏನ್ ಮಾಡ್ತಿದಾನೆ ಅಂತ ಅವನಿಗೆ ಯಾರೂ ರಿಪೋರ್ಟ್ ಕೊಡೋದು ಬೇಡ, ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತ್ರೆ ಗೊತ್ತಾಗುತ್ತೆ.

ಅಮೆರಿಕದ ದೊಡ್ಡ ಕಂಪನಿಗಳ ಬೋರ್ಡಿನ ತೊಂದರೆ ಇದೇ ಆಗಿತ್ತು. ಡೈರೆಕ್ಟರ್ ಅನ್ನೋನು ಬೇರೆ ಕಂಪನಿಯ ರಿಟೈರ್ಡ್ ಸಿಇಒ, ಇಲ್ಲ ಯಾವ್ದೋ ಯೂನಿವರ್ಸಿಟಿ ಪ್ರೊಫೆಸರ್ರು, ಇಲ್ಲ ಮಾಜಿ ಅಧಿಕಾರಿ. ಅವನಿಗೆ ನಗದಲ್ಲಿ ಫೀಸು, ಕೆಲವು ಕಡೆ ಪಿಂಚಣಿ ಕೂಡ! ಹೌದು, ಡೈರೆಕ್ಟರ್ ಆಗಿದ್ದಕ್ಕೆ ಪಿಂಚಣಿ. ಷೇರಿನ ರೇಟ್ ಬಿದ್ರೆ ಅವನಿಗೇನೂ ಆಗಲ್ಲ. 1995ರಲ್ಲಿ ಅಲ್ಲಿಯ ಕಾರ್ಪೊರೇಟ್ ಡೈರೆಕ್ಟರ್‌ಗಳದ್ದೇ ಸಂಘ, ಎನ್‌ಎಸಿಡಿ ಅಂತ, ಒಂದು ಸಮಿತಿ ಮಾಡಿ ಪಿಂಚಣಿ ಗಿಂಚಣಿ ನಿಲ್ಸಿ, ಸಂಭಾವನೆಯ ದೊಡ್ಡ ಪಾಲನ್ನ ಷೇರಿನಲ್ಲಿ ಕೊಡಿ ಅಂತ ಹೇಳ್ತು. ಷೇರುದಾರರ ನೋವು ಡೈರೆಕ್ಟರ್‌ಗೂ ತಟ್ಟಬೇಕು ಅನ್ನೋದು ವಾದ. ಈಗ ಅಲ್ಲಿ ಅದೇ ರೂಢಿ. ಅಮೆಜಾನ್‌ನಲ್ಲಂತೂ ಹೊರಗಿನ (ಅಂದ್ರೆ ಕಂಪನಿ ನೌಕರರಲ್ಲದ) ಡೈರೆಕ್ಟರ್‌ಗಳಿಗೆ ನಗದು ಫೀಸೇ ಇಲ್ಲ, ಬರೀ ಷೇರು, ಅದೂ ಮೂರು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತೆ. ಆಪಲ್‌ನಲ್ಲಿ ಎರಡೂ ಇದೆ, ಜೊತೆಗೆ ಕೇಳಿದ್ರೆ ಹೊಸದಾಗಿ ಬಂದ ಪ್ರತಿ ಪ್ರಾಡಕ್ಟೂ ಒಂದೊಂದು ಫ್ರೀ. (ನಮ್ಮ ಟೀಮಲ್ಲಿ ಎಲ್ಲರಿಗೂ ನೆನಪಿರೋದು ಇದೊಂದೇ ವಿಷಯ.)

ಆದ್ರೆ ದೊಡ್ಡಪ್ಪನ ಕಣ್ಣಲ್ಲಿ ನೋಡಿದ್ರೆ ಇದು ಹೇಗೆ ಕಾಣುತ್ತೆ ಗೊತ್ತಾ, ಹಸು ಇಲ್ಲದೋನನ್ನ ಕರ್ಕೊಂಡು ಬಂದು ಡೈರೆಕ್ಟರ್ ಮಾಡಿ, ಡೇರಿ ದುಡ್ಡಲ್ಲೇ ಅವನಿಗೊಂದು ಹಸು ಕೊಡಿಸಿ, "ನೋಡಪ್ಪ ಈಗ ನೀನೂ ನಮ್ಮ ಹಾಗೇ ರೈತ" ಅಂದಂಗೆ. ಹಸು ಸತ್ರೆ ಅವನಿಗೆ ಬೇಜಾರಾಗುತ್ತೆ ನಿಜ, ಆದ್ರೆ ಸಾಲ ಮಾಡಿ ಹಸು ತಂದೋನ ಬೇಜಾರೇ ಬೇರೆ. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ತಮ್ಮ ಬರ್ಕ್‌ಷೈರ್ ಕಂಪನಿಯ ಷೇರುದಾರರಿಗೆ ಬರೆದ 2019ನೇ ಸಾಲಿನ ಪತ್ರದಲ್ಲಿ ಹೆಚ್ಚು ಕಮ್ಮಿ ಇದನ್ನೇ ಹೇಳಿದ್ದು: ವರ್ಷಕ್ಕೆ ಎರಡೂವರೆ ಮೂರು ಲಕ್ಷ ಡಾಲರ್ ಸಿಗೋ ಕುರ್ಚಿ, ಆರು ಸಲ ಹೋಗಿ ಆರಾಮಾಗಿ ಒಂದೆರಡು ದಿನ ಕೂತು ಬರೋದು, ಇದನ್ನ ಕಳ್ಕೊಳ್ಳೋಕೆ ಯಾರಿಗೆ ಮನಸ್ಸು ಬರುತ್ತೆ, ಹಣ ಬೇಕಾಗಿರೋ ಡೈರೆಕ್ಟರ್ ಸಿಇಒ ಎದುರು ಗಟ್ಟಿಯಾಗಿ ಮಾತಾಡ್ತಾನಾ ಅಂತ. ತಮ್ಮ ಸ್ವಂತ ಉಳಿತಾಯದ ದುಡ್ಡು ಹಾಕಿ ಒಂದು ಷೇರೂ ಕೊಂಡಿರದ ಡೈರೆಕ್ಟರ್‌ಗಳು ಎಷ್ಟೊಂದು ಜನ ಅಂತನೂ ಅದೇ ಪತ್ರದಲ್ಲಿ ಕೊರಗಿದಾರೆ. ಅವರ ಬರ್ಕ್‌ಷೈರ್‌ನಲ್ಲಿ ಡೈರೆಕ್ಟರ್‌ಗೆ ಮೀಟಿಂಗಿಗೆ ಖುದ್ದು ಬಂದ್ರೆ 900 ಡಾಲರ್, ಫೋನಲ್ಲಿ ಸೇರಿದ್ರೆ 300, ಷೇರು ಗೀರು ಏನೂ ಇಲ್ಲ. ಟೀ ಬಿಸ್ಕತ್ತಿಗೆ ಹತ್ತಿರದ ಲೆಕ್ಕ.

ಡೈರೆಕ್ಟರ್‌ಗಳಿಗೆ ಕೊಡೋ ಈ ಷೇರಿನ ಹೆಸರಿನ ಹಿಂದೆ "ರಿಸ್ಟ್ರಿಕ್ಟೆಡ್" ಅಂತ ಇರುತ್ತೆ, ಈಗ ಆ ಪದಕ್ಕೆ ಬರೋಣ. ಹೊರಗಿನವರು ಕೇಳಿದ್ರೆ ಏನೋ ಭಾರೀ ಬೀಗ ಹಾಕಿರ್ತಾರೆ ಅನ್ಸುತ್ತೆ. ರಿಸ್ಟ್ರಿಕ್ಟೆಡ್ ಸ್ಟಾಕ್ ಅಂದ್ರೆ ಷೇರು ಇವತ್ತೇ ನಿಮ್ಮ ಹೆಸರಿಗೆ ಬರುತ್ತೆ, ವೋಟ್ ಹಾಕ್ಬಹುದು, ಸಾಮಾನ್ಯವಾಗಿ ಡಿವಿಡೆಂಡೂ ನಿಮ್ಮ ಲೆಕ್ಕಕ್ಕೇ, ಆದ್ರೆ ಇಂತಿಷ್ಟು ದಿನ ಮಾರೋ ಹಾಗಿಲ್ಲ, ಅಷ್ಟರೊಳಗೆ ಬಿಟ್ಟು ಹೋದ್ರೆ ವಾಪಸ್ಸು. ಆರ್‌ಎಸ್‌ಯು (ರಿಸ್ಟ್ರಿಕ್ಟೆಡ್ ಸ್ಟಾಕ್ ಯೂನಿಟ್) ಅಂದ್ರೆ ಇವತ್ತು ಬರೀ ಮಾತು, ವೆಸ್ಟ್ ಆದ ದಿನ, ಅಂದ್ರೆ ಹೇಳಿದ ಅವಧಿ ಮುಗಿದ ದಿನ, ಷೇರು. ಬೆಂಗಳೂರಲ್ಲಿ ಐಟಿ ಮಂದಿಗೆಲ್ಲ ಎರಡನೇದು ಗೊತ್ತು. ಮೊದಲನೇದರಲ್ಲಿ ಟ್ಯಾಕ್ಸಿನ ಒಂದು ಜೂಜು ಇದೆ, 83(ಬಿ) ಅಂತ, ಷೇರು ಕೈಗೆ ಬಂದ 30 ದಿನದೊಳಗೆ ಅಮೆರಿಕದ ತೆರಿಗೆ ಇಲಾಖೆಗೆ ಬರೆದುಕೊಟ್ಟು ಇವತ್ತಿನ ರೇಟಿಗೇ ಟ್ಯಾಕ್ಸ್ ಕಟ್ಟಿಬಿಡಬಹುದು, ಮುಂದೆ ರೇಟ್ ಏರಿದ್ರೆ ಲಾಭ, ಬಿದ್ರೆ ಕಟ್ಟಿದ್ದು ಹೋಯ್ತು. 31ನೇ ದಿನ ನೆನಪಾಯ್ತು ಅಂದ್ರೆ ಯಾರ ಕಾಲು ಹಿಡಿದ್ರೂ ಆಗಲ್ಲ. ಮತ್ತೆ ಡೈರೆಕ್ಟರ್ ಅನ್ನೋನು ನೌಕರ ಅಲ್ಲ, ಹಾಗಾಗಿ ನಮ್ಮ ಆರ್‌ಎಸ್‌ಯು ವೆಸ್ಟ್ ಆದಾಗ ಟ್ಯಾಕ್ಸಿಗೆ ಅಂತ ಒಂದಿಷ್ಟು ಷೇರು ಕತ್ತರಿಸಿಕೊಳ್ತಾರಲ್ಲ, ಆ ಕತ್ತರಿ ಅಲ್ಲಿಯ ಡೈರೆಕ್ಟರ್‌ಗಳಿಗೆ ಇಲ್ಲ, ಪೂರ್ತಿ ಷೇರು ಬರುತ್ತೆ, ಟ್ಯಾಕ್ಸ್ ಅವರೇ ಕಟ್ಕೋಬೇಕು. ಪ್ರತಿ ವರ್ಷ ಒಬ್ಬರಾದ್ರೂ ಮೇಲ್ ಮಾಡಿ ಯಾಕೆ ಕಟ್ ಮಾಡಿಲ್ಲ ಅಂತ ಕೇಳ್ತಾರೆ.

ಸರಿ, ಬೀಗ ಎಷ್ಟು ದಿನ? ಹೊರಗಿನ ಡೈರೆಕ್ಟರ್‌ಗಳಿಗೆ ಸಾಮಾನ್ಯವಾಗಿ ಒಂದೇ ವರ್ಷ, ಇಲ್ಲ ಮುಂದಿನ ವಾರ್ಷಿಕ ಸಭೆವರೆಗೆ, ಯಾವುದು ಮೊದಲೋ ಅದು. ಯಾವ ಟಾರ್ಗೆಟ್ಟೂ ಇಲ್ಲ. ಲಾಭ ಬರ್ಲಿ ನಷ್ಟ ಬರ್ಲಿ, ಕುರ್ಚಿಯಲ್ಲಿ ಕೂತಿದ್ರೆ ಸಾಕು. ಟಾರ್ಗೆಟ್ ಇಡದೇ ಇರೋದು ಸರೀನೇ, ಯಾಕಂದ್ರೆ ಲೆಕ್ಕ ನೋಡೋ ಆಡಿಟ್ ಕಮಿಟಿಯವನಿಗೇ ಲಾಭದ ಮೇಲೆ ಬೋನಸ್ ಅಂದ್ರೆ ತೂಕ ಮಾಡೋನಿಗೇ ತಕ್ಕಡಿ ಮೇಲೆ ಆಸೆ ಹುಟ್ಟಿಸಿದ ಹಾಗೆ. ಬ್ರಿಟನ್ನಿನವರು ಇನ್ನೂ ಗಟ್ಟಿ, ಅವರ ಗವರ್ನೆನ್ಸ್ ಕೋಡ್ ಪ್ರಕಾರ ಹೊರಗಿನ ಡೈರೆಕ್ಟರ್‌ಗೆ ಷೇರ್ ಆಪ್ಷನ್ನೂ (ಈಗಲೇ ಗೊತ್ತು ಮಾಡಿದ ರೇಟಿಗೆ ಮುಂದೆ ಷೇರು ಕೊಳ್ಳೋ ಹಕ್ಕು) ಕೊಡೋ ಹಾಗಿಲ್ಲ, ಸಾಧನೆಗೆ ಜೋಡಿಸಿದ ಹಣವೂ ಇರಬಾರದು. ಆದ್ರೆ ಒಂದು ವರ್ಷದ ಬೀಗದಿಂದ ಷೇರುದಾರನ ನೋವು ತಟ್ಟುತ್ತೆ ಅನ್ನೋದು ನನಗೆ ನಂಬಿಕೆ ಬರಲ್ಲ. ನಿಜವಾದ ಬೀಗ ಬೇರೆ ಕಡೆ ಇದೆ, ಷೇರ್ ಓನರ್‌ಶಿಪ್ ಗೈಡ್‌ಲೈನ್ ಅಂತ, ಐದು ವರ್ಷದೊಳಗೆ ನಿಮ್ಮ ವಾರ್ಷಿಕ ನಗದು ಫೀಸಿನ ಐದು ಪಟ್ಟು ಮೌಲ್ಯದ ಷೇರು ಕೈಯಲ್ಲಿ ಇಟ್ಕೊಂಡಿರ್ಬೇಕು ಅಂತ ಎಷ್ಟೋ ಕಂಪನಿಗಳು ಬರ್ಕೊಂಡಿವೆ. ಇನ್ನು ಕೆಲವು ಡೈರೆಕ್ಟರ್‌ಗಳು ತಾವಾಗೇ ಹಿಂದಿನ ವರ್ಷದ ಡಿಸೆಂಬರ್ 31ರೊಳಗೆ ಬರೆದುಕೊಟ್ಟು, ಬೋರ್ಡ್ ಬಿಡೋ ದಿನದವರೆಗೂ ಷೇರು ನನಗೆ ಬೇಡ ಅಂತ ಮುಂದಕ್ಕೆ ಹಾಕ್ತಾರೆ. ಟ್ಯಾಕ್ಸ್ ಮುಂದಕ್ಕೆ ಹೋಗುತ್ತೆ ಅನ್ನೋ ಆಸೆಗೇ ಇರಬಹುದು, ಇರ್ಲಿ. ನನ್ನ ಲಿಸ್ಟಲ್ಲಿ ಒಬ್ಬರು ಹೀಗೆ ಮಾಡೋರಿದಾರೆ, ಅವರ ಸಾಲು ನೋಡಿದಾಗೆಲ್ಲ ಒಂಥರಾ ಗೌರವ ಬರುತ್ತೆ.

ಷೇರು ಕೈಯಲ್ಲಿದ್ರೆ ಕಣ್ಣು ತೆರೆಯುತ್ತೆ ಅನ್ನೋದಕ್ಕೆ ಸುಳ್ಳು ಲೆಕ್ಕ ತೋರಿಸಿ ಮುಳುಗಿದ ಅಮೆರಿಕದ ಇಂಧನ ಕಂಪನಿ ಎನ್ರಾನ್ ದೊಡ್ಡ ಪೆಟ್ಟು. 2000ದಲ್ಲಿ ಅಲ್ಲಿ ಡೈರೆಕ್ಟರ್ ಒಬ್ಬರಿಗೆ ನಗದು, ಷೇರು, ಆಪ್ಷನ್ ಎಲ್ಲ ಸೇರಿ ಸುಮಾರು ಮೂರೂವರೆ ಲಕ್ಷ ಡಾಲರ್ ಬರ್ತಿತ್ತು, ಆ ಕಾಲಕ್ಕೆ ಬೇರೆ ಕಡೆಗಿಂತ ಎರಡು ಪಟ್ಟಿಗೂ ಜಾಸ್ತಿ ಅಂತ 2002ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವರದಿಯೇ ಹೇಳ್ತು. ಷೇರಿನ ರೇಟ್ ಏರ್ತಿತ್ತು, ಎಲ್ಲರಿಗೂ ಖುಷಿ, ಪ್ರಶ್ನೆ ಕೇಳೋಕೆ ಯಾರಿಗೆ ಬೇಕಿತ್ತು. 2001ರ ಡಿಸೆಂಬರ್‌ನಲ್ಲಿ ದಿವಾಳಿ. ಆಮೇಲೆ 2005ರಲ್ಲಿ ಹತ್ತು ಜನ ಮಾಜಿ ಡೈರೆಕ್ಟರ್‌ಗಳು 1.3 ಕೋಟಿ ಡಾಲರ್‌ನ ತಮ್ಮ ಸ್ವಂತ ಜೇಬಿಂದ ಕೊಡೋಕೆ ಒಪ್ಕೊಂಡ್ರು. ಒಟ್ಟು ರಾಜಿ ಮೊತ್ತ 16.8 ಕೋಟಿ, ಉಳಿದಿದ್ದು ಇನ್ಶೂರೆನ್ಸಿಂದ. ಡೈರೆಕ್ಟರ್‌ಗಳು ಸ್ವಂತ ದುಡ್ಡು ಬಿಚ್ಚೋದು ಎಷ್ಟು ಅಪರೂಪ ಅಂದ್ರೆ ಇವತ್ತಿಗೂ ನಮ್ಮ ಟ್ರೇನಿಂಗಲ್ಲಿ ಅದನ್ನ ಹೇಳ್ತಾರೆ.

ಇದಕ್ಕಿಂತ ನನಗೆ ಕಚಗುಳಿ ಇಡೋ ವಿಷಯ ಇನ್ನೊಂದು: ಎಷ್ಟು ಕೊಡ್ಬೇಕು ಅಂತ ತೀರ್ಮಾನ ಮಾಡೋರು ಯಾರು? ಅಮೆರಿಕದ ಕಂಪನಿಗಳ ತವರು ಡೆಲವೇರ್ ರಾಜ್ಯದ ಕಾನೂನಲ್ಲೇ ಇದೆ, ಡೈರೆಕ್ಟರ್‌ಗಳ ಸಂಭಾವನೆ ನಿಗದಿ ಮಾಡೋ ಅಧಿಕಾರ ಡೈರೆಕ್ಟರ್‌ಗಳ ಬೋರ್ಡಿಗೇ. ಬಡಿಸೋನು ನಮ್ಮವನಾದ್ರೆ ಪಂಕ್ತಿಯ ಕೊನೆಯಲ್ಲಿ ಕೂತ್ರೂ ಚಿಂತೆ ಇಲ್ಲ ಅಂತಾರೆ, ಇಲ್ಲಿ ಬಡಿಸೋನೂ ನೀವೇ ಎಲೆ ಮುಂದೆ ಕೂತಿರೋನೂ ನೀವೇ.

ಇನ್ವೆಸ್ಟರ್ಸ್ ಬ್ಯಾಂಕಾರ್ಪ್ ಕೇಸ್ ಇದಕ್ಕೆ ಹೇಳಿ ಮಾಡ್ಸಿದ್ದು. ನ್ಯೂಜೆರ್ಸಿ ಕಡೆಯ ಬ್ಯಾಂಕು. 2015ರ ಜೂನಲ್ಲಿ ಷೇರುದಾರರು ಒಂದು ದೊಡ್ಡ ಷೇರ್ ಪ್ಲಾನಿಗೆ ವೋಟ್ ಹಾಕಿ ಒಪ್ಪಿಗೆ ಕೊಟ್ರು, ಪ್ಲಾನಲ್ಲಿ ಇದ್ದಿದ್ದು ಬರೀ ಒಟ್ಟು ಮಿತಿ, ಯಾರಿಗೆ ಎಷ್ಟು ಅಂತ ಇಲ್ಲ. ಅದೇ ತಿಂಗಳು ಬೋರ್ಡ್ ಕೂತು ತಮ್ಮ ಹನ್ನೆರಡು ಜನಕ್ಕೆ ರಿಸ್ಟ್ರಿಕ್ಟೆಡ್ ಸ್ಟಾಕು, ಆಪ್ಷನ್ನು ಸೇರಿ ಸುಮಾರು 5.15 ಕೋಟಿ ಡಾಲರ್ ಹಂಚ್ಕೊಂಡ್ರು. ಅದರಲ್ಲಿ ನೌಕರರಲ್ಲದ ಹತ್ತು ಡೈರೆಕ್ಟರ್‌ಗಳಿಗೆ ಸರಾಸರಿ ತಲಾ 21 ಲಕ್ಷ ಡಾಲರ್‌ಗೂ ಮೇಲೆ. ಹಿಂದಿನ ವರ್ಷ ಅವರಿಗೆ ಬರ್ತಿದ್ದಿದ್ದು ಸರಾಸರಿ ಒಂದೂಕಾಲು, ಒಂದೂವರೆ ಲಕ್ಷದ ಆಸುಪಾಸು. ಷೇರುದಾರರು ಕೋರ್ಟಿಗೆ ಹೋದ್ರು. ಬೋರ್ಡಿನ ವಾದ ಸಿಂಪಲ್: ಪ್ಲಾನ್‌ಗೆ ನೀವೇ ವೋಟ್ ಹಾಕಿದೀರಲ್ಲ. ಕೆಳಗಿನ ಕೋರ್ಟ್ ಅದನ್ನ ಒಪ್ಪಿ ಕೇಸ್ ವಜಾ ಮಾಡ್ತು, ಆದ್ರೆ 2017ರ ಡಿಸೆಂಬರ್‌ನಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ಉಲ್ಟಾ ಮಾಡ್ತು. ಪಾತ್ರೆ ಎಷ್ಟು ದೊಡ್ಡದು ಅಂತ ಷೇರುದಾರರು ಒಪ್ಪಿದ ಮಾತ್ರಕ್ಕೆ ಪ್ರತಿ ಎಲೆಗೆ ಬಿದ್ದಿದ್ದನ್ನೂ ಒಪ್ಪಿದ ಹಾಗಲ್ಲ, ತಮಗೆ ತಾವೇ ವಿವೇಚನೆ ಮೇಲೆ ಕೊಟ್ಕೊಂಡಿದ್ದನ್ನ ಯಾರಾದ್ರೂ ಸರಿಯಾಗಿ ಪ್ರಶ್ನೆ ಮಾಡಿದ್ರೆ ಅದು ನ್ಯಾಯವಾಗಿದೆ ಅಂತ ಡೈರೆಕ್ಟರ್‌ಗಳೇ ಸಾಬೀತು ಮಾಡ್ಬೇಕು ಅಂತ. ಎಲೆ ಪಾತ್ರೆ ಅಂದಿದ್ದು ನಾನು, ಕೋರ್ಟ್ ಅಲ್ಲ.

ಅದಕ್ಕೂ ಮುಂಚೆ 2015ರಲ್ಲೇ ಫೇಸ್‌ಬುಕ್ ಡೈರೆಕ್ಟರ್‌ಗಳ ಆರ್‌ಎಸ್‌ಯು ಮೇಲೆ ಒಂದು ತೀರ್ಪು ಬಂದಿತ್ತು, ಅದು ಇನ್ನೂ ತಮಾಷೆ. ವೋಟಿನ ಬಹುಪಾಲು ಜುಕರ್‌ಬರ್ಗ್ ಕೈಯಲ್ಲೇ ಇತ್ತು, ಷೇರುದಾರರೊಬ್ಬರು ಕೇಸ್ ಹಾಕಿದ ಮೇಲೆ ಆತ ಅಫಿಡವಿಟ್ ಕೊಟ್ಟು ನನ್ನ ಒಪ್ಪಿಗೆ ಇದೆ ಅಂದ. ಕೋರ್ಟ್ ಹೇಳ್ತು, ನಿನ್ನ ಒಪ್ಪಿಗೆ ಇದ್ರೆ ಅದನ್ನ ಸಭೆಯಲ್ಲಿ ವೋಟ್ ಹಾಕಿ ಹೇಳು, ಇಲ್ಲ ಲಿಖಿತ ಸಮ್ಮತಿ ಕೊಡು, ಬರೀ ಅಫಿಡವಿಟ್ಟಿಗೆ ಬೆಲೆ ಇಲ್ಲ. ಟೆಸ್ಲಾದ್ದು ಎಲ್ಲದಕ್ಕಿಂತ ದೊಡ್ಡದು, ಅಲ್ಲಿ ಇದ್ದಿದ್ದು ಆಪ್ಷನ್‌ಗಳು. ಡೆಟ್ರಾಯಿಟ್‌ನ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ನಿಧಿ 2020ರಲ್ಲಿ ಕೇಸ್ ಹಾಕ್ತು, 2023ರಲ್ಲಿ ಡೈರೆಕ್ಟರ್‌ಗಳು 73.5 ಕೋಟಿ ಡಾಲರ್ ಮೌಲ್ಯದ್ದು ವಾಪಸ್ ಕೊಡೋಕೆ, 2021ರಿಂದ ಮೂರು ವರ್ಷದ ಸಂಭಾವನೆ ಬಿಡೋಕೆ ಒಪ್ಕೊಂಡ್ರು. ಬೆಂಕಿ ಆರಿಸೋರ ಪಿಂಚಣಿ ದುಡ್ಡು ಹೋಗಿ ಬೋರ್ಡ್ ರೂಮಿನ ಬಾಗಿಲು ತಟ್ಟಿದ್ದು ನನಗೆ ತುಂಬಾ ಇಷ್ಟ ಆದ ಭಾಗ.

ನಮ್ಮ ದೇಶದಲ್ಲಿ ಈ ರಗಳೆನೇ ಇಲ್ಲ, ಯಾಕಂದ್ರೆ 2013ರ ಕಂಪನಿ ಕಾಯಿದೆಯ 149ನೇ ಸೆಕ್ಷನ್ ಸ್ವತಂತ್ರ ನಿರ್ದೇಶಕರಿಗೆ, ಅಂದ್ರೆ ಕಂಪನಿ ಜೊತೆ ಬೇರೆ ನಂಟಿಲ್ಲದ ಹೊರಗಿನ ಡೈರೆಕ್ಟರ್‌ಗಳಿಗೆ, ಸ್ಟಾಕ್ ಆಪ್ಷನ್ ಇಲ್ಲ ಅಂತ ಖಡಾಖಂಡಿತ ಹೇಳಿದೆ. ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ 2021ರ ನಿಯಮದಲ್ಲೂ ಷೇರ್ ಪ್ಲಾನಿನ "ನೌಕರ" ಅನ್ನೋ ವ್ಯಾಖ್ಯೆಯಿಂದ ಅವರನ್ನ ಹೊರಗೇ ಇಟ್ಟಿದಾರೆ. ಸಿಗೋದು ಮೀಟಿಂಗಿಗೆ ಹೆಚ್ಚಂದ್ರೆ ಒಂದು ಲಕ್ಷ ರೂಪಾಯಿ ಸಿಟ್ಟಿಂಗ್ ಫೀಸ್, ಜೊತೆಗೆ ಲಾಭದಲ್ಲಿ ಕಮಿಷನ್, ಎಂಡಿ ಇರೋ ಕಂಪನಿಯಲ್ಲಿ ಹೊರಗಿನ ಡೈರೆಕ್ಟರ್‌ಗಳಿಗೆಲ್ಲ ಸೇರಿ ನಿವ್ವಳ ಲಾಭದ 1 ಪರ್ಸೆಂಟ್, ಅದಕ್ಕೂ ಜಾಸ್ತಿ ಬೇಕಂದ್ರೆ ಷೇರುದಾರರ ವಿಶೇಷ ನಿರ್ಣಯ. ಇನ್ಫೋಸಿಸ್ ನ್ಯೂಯಾರ್ಕಲ್ಲೂ ಲಿಸ್ಟ್ ಆಗಿದೆ, ಅದರ ಸಿಇಒ ಸಲೀಲ್ ಪಾರೇಖ್‌ಗೆ ಆರ್‌ಎಸ್‌ಯು ಬರುತ್ತೆ, ಅದೇ ಟೇಬಲ್ಲಿನ ಸ್ವತಂತ್ರ ನಿರ್ದೇಶಕರಿಗೆ ಷೇರು ಬರಲ್ಲ. 2021ರ ಜೂನಲ್ಲಿ ಸೆಬಿ ಮಂಡಳಿ ಇದನ್ನ ಸ್ವಲ್ಪ ಸಡಿಲ ಮಾಡ್ಬಹುದು, ಇಎಸ್‌ಒಪಿನೂ (ನೌಕರರಿಗೆ ಕೊಡೋ ಥರದ ಷೇರ್ ಆಪ್ಷನ್) ಸೇರಿಸ್ಬಹುದು ಅಂತ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯಕ್ಕೆ ಬರೆಯೋಣ ಅಂತ ತೀರ್ಮಾನ ಮಾಡಿತ್ತು. ನನಗೆ ಆಪ್ಷನ್ ಬೇಡ ಅನ್ಸುತ್ತೆ, ಅದು ರೇಟ್ ಏರಿದ್ರೆ ಮಾತ್ರ ದುಡ್ಡು, ಬಿದ್ರೆ ಕಳ್ಕೊಳ್ಳೋದೇನಿಲ್ಲ, ಜೂಜಿನ ಮನಸ್ಸು ಹುಟ್ಟುತ್ತೆ. ಕೊಡ್ಲೇಬೇಕು ಅಂದ್ರೆ ಷೇರೇ ಕೊಡಿ, ಬೋರ್ಡ್ ಬಿಟ್ಟು ಹೋಗೋವರೆಗೂ ಮುಟ್ಟೋ ಹಾಗಿಲ್ಲ ಅನ್ನಿ, ಮೊತ್ತವನ್ನ ಷೇರುದಾರರ ಸಭೆಯಲ್ಲೇ ಹೆಸರು ಹಿಡಿದು ನಿಗದಿ ಮಾಡಿ. ಸ್ವತಂತ್ರ ನಿರ್ದೇಶಕ ಆಗೋನು ತನ್ನ ದುಡ್ಡಲ್ಲಿ ಮಾರ್ಕೆಟ್ಟಲ್ಲಿ ಕೊಳ್ಳೋದಕ್ಕೆ ಈಗಲೂ ಅಡ್ಡಿ ಇಲ್ಲ, ಮನೆಯವರದ್ದೆಲ್ಲ ಸೇರಿ 2 ಪರ್ಸೆಂಟ್ ಮುಟ್ಟಬಾರದು, ಟ್ರೇಡಿಂಗ್ ವಿಂಡೋ (ಒಳಗಿನವರು ಷೇರು ಕೊಳ್ಳೋಕೆ ಮಾರೋಕೆ ಕಂಪನಿ ಬಿಡೋ ಅವಧಿ) ತೆರೆದಿರ್ಬೇಕು ಅಷ್ಟೇ. ಎಷ್ಟು ಜನ ಕೊಳ್ತಾರೆ ಅನ್ನೋದು ಬೇರೆ ಮಾತು.

ಈಗ ನನ್ನ ಪಾಪದ ಕಥೆ. ಎರಡು ವರ್ಷದ ಹಿಂದೆ, ಇದೇ ಸೀಸನ್ನು, ಒಂಬತ್ತು ಜನ ಡೈರೆಕ್ಟರ್‌ಗಳು. ಅವತ್ತಿನ ಕ್ಲೋಸಿಂಗ್ 47.36 ಅಂತ ಇಟ್ಕೊಳ್ಳಿ. ಎರಡು ಲಕ್ಷ ಡಾಲರ್ ಅದರಿಂದ ಭಾಗಿಸಿದ್ರೆ 4,222.97 ಬರುತ್ತೆ. ಶೀಟಲ್ಲಿ ರೌಂಡ್ ಫಾರ್ಮುಲಾ ಹಾಕಿತ್ತು, ಅದು ಚೆನ್ನಾಗಿ 4,223 ಮಾಡ್ತು, ನಾನು ಏರಿಸಿ, ಫಾರ್ಮ್ ಎಲ್ಲ ರೆಡಿ ಮಾಡಿ, ನಾಲ್ಕು ಗಂಟೆಗೆ ಕ್ಯಾಬ್ ಹತ್ತಿ ಮನೆಗೆ ಹೋಗಿ ಮಲಗಿದೆ. ಫಾರ್ಮ್‌ಗಳು ಹೋದ್ವು, ಪಬ್ಲಿಕ್ ಆದ್ವು. ಮೂರು ದಿನ ಬಿಟ್ಟು ಅಲ್ಲಿಯ ಲೀಗಲ್‌ನಿಂದ ಒಂದು ಸಾಲಿನ ಮೇಲ್: ಪ್ಲಾನ್ ಓದಿದೀರಾ? ಓದಿದ್ರೆ ಅದರಲ್ಲಿ ಸ್ಪಷ್ಟವಾಗಿ ಇದೆ, ಭಿನ್ನರಾಶಿ ಬಂದ್ರೆ ಕೆಳಗಿನ ಪೂರ್ಣ ಸಂಖ್ಯೆಗೇ ಇಳಿಸ್ಬೇಕು ಅಂತ. 4,223 ಷೇರಿನ ಬೆಲೆ 2,00,001 ಡಾಲರ್ 28 ಸೆಂಟ್. ತಲೆಗೆ ಒಂದು ಡಾಲರ್ 28 ಸೆಂಟ್ ಜಾಸ್ತಿ ಕೊಟ್ಟಿದ್ದೆ ನಾನು.

ಒಂಬತ್ತು ತಿದ್ದುಪಡಿ ಫಾರ್ಮು, ಒಂಬತ್ತು ಜನಕ್ಕೂ ಹೊಸ ಅವಾರ್ಡ್ ಲೆಟರು, ಆಡಿಟರ್‌ಗೆ ವಿವರಣೆ, ಕಂಟ್ರೋಲ್ ಫೇಲ್ಯೂರ್ ಅಂತ ಒಂದು ರಿಪೋರ್ಟು, ಅದರ ಮೇಲೆ ಎರಡು ಕಾಲ್, ಮತ್ತೆ ಆ ಎರಡೂ ಕಾಲ್‌ನಲ್ಲಿ ನಾನು ತಪ್ಪಿನ ಮೂಲ ಕಾರಣ ಅಂತ ಸ್ಲೈಡ್ ತೋರ್ಸ್ತಾ ಕೂತಿದ್ದು, ಅದು ಇವತ್ತಿಗೂ ನೆನೆಸ್ಕೊಂಡ್ರೆ ಮೈ ಬೆಚ್ಚಗಾಗುತ್ತೆ. ಆಮೇಲೆ ಅದೇ ವಾರ ಫೈಲ್ ಹುಡುಕ್ತಾ ಆ ಎರಡು ಲಕ್ಷ ಎಲ್ಲಿಂದ ಬಂತು ಅಂತ ನೋಡಿದೆ. ಹಿಂದಿನ ವರ್ಷ ಒಂದು ಲಕ್ಷದ ಎಂಬತ್ತು ಸಾವಿರ ಇತ್ತು. ಬೋರ್ಡ್ ಮೀಟಿಂಗಿನ ಮಿನಿಟ್ಸಲ್ಲಿ ಒಂದೇ ಸಾಲು, ಸಲಹೆಗಾರರ ವರದಿ ನೋಡಿ ಬೋರ್ಡ್ ಅನುಮೋದಿಸಿದೆ ಅಂತ. ಮಿತಿಗೂ ಒಳಗೇ ಇತ್ತು, ಪ್ಲಾನಿನ ಮಿತಿ ವರ್ಷಕ್ಕೆ ತಲಾ ಏಳೂವರೆ ಲಕ್ಷ, ಯಾರಿಗೂ ಸ್ಲೈಡ್ ತೋರ್ಸೋ ಪರಿಸ್ಥಿತಿ ಬರ್ಲಿಲ್ಲ.

ದೊಡ್ಡಪ್ಪಂಗೆ ಈ ಒಂದು ಡಾಲರ್ ಕಥೆ ಫೋನಲ್ಲಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ರು. "ಅಷ್ಟು ಕರಾರುವಾಕ್ಕಾಗಿ ನೋಡ್ತಾರಾ? ಒಳ್ಳೇದೇ ಬಿಡು, ನಮ್ಮ ಫ್ಯಾಟ್ ಮೆಷಿನ್ನಿಗೂ ಒಬ್ಬನ್ನ ಕಳ್ಸು" ಅಂದು ಹಸುಗೆ ನೀರು ಇಡ್ಬೇಕು ಅಂತ ಫೋನ್ ಇಟ್ರು. ಬರೋ ಮಂಗಳವಾರ ಮತ್ತೆ ಸಭೆ ಇದೆ, ಕ್ಯಾಬ್ ಬುಕ್ ಮಾಡ್ಬೇಕು. ಶೀಟಲ್ಲಿ ಆ ಸೆಲ್‌ಗೆ ಹಳದಿ ಬಣ್ಣ ಬಳಿದು ಲಾಕ್ ಮಾಡಿಟ್ಟಿದೀನಿ, ಪಾಸ್‌ವರ್ಡ್ ನನಗೂ ಗೊತ್ತಿಲ್ಲ, ಮ್ಯಾನೇಜರ್ ಹತ್ರ ಇದೆ.